ನ್ಯೂಲ್ಯಾಂಡ್ಸ್ ಕಣಿವೆಯ ಕಾಲುಹಾದಿಗಳು

ಇಂಗ್ಲೆಂಡಿನ ವಾಯವ್ಯ ಭಾಗದ ಕಂಬ್ರಿಯಾದಲ್ಲಿ, ಹಿಮಯುಗದ ನೀರ್ಗಲ್ಲುಗಳು ಕೊರೆದುಹೋದ ಕಣಿವೆಗಳಲ್ಲಿ ನೀರು ನಿಂತು ಸರೋವರಗಳಾಗಿರುವ ಬೆಟ್ಟಸೀಮೆಯೊಂದಿದ್ದು, ಅದನ್ನು ಲೇಕ್ ಡಿಸ್ಟ್ರಿಕ್ಟ್ ಎಂದು ಕರೆಯುತ್ತಾರೆ. ಶಾಲೆಯ ಪಠ್ಯಗಳ ಮೂಲಕ ವರ್ಡ್ಸ್‌ವರ್ತ್ ಕವಿಯನ್ನು ಬಲ್ಲ ಕನ್ನಡ ಓದುಗರಿಗೆ ಈ ಸೀಮೆ ಹೆಸರಿನಿಂದಲಾದರೂ ಪರಿಚಿತವೇ ಆಗಿದೆ. ಸೀಮೆಯ ಉತ್ತರ ಭಾಗದಲ್ಲಿ ಕೆಸ್ವಿಕ್ ಎಂಬ ಸಂತೆಯ ಊರಿದೆ. ಅದರ ನೈಋತ್ಯಕ್ಕೆ, ಡರ್ವೆಂಟ್‌ವಾಟರ್ ಸರೋವರದ ಪಶ್ಚಿಮ ದಂಡೆಯ ಬೆಟ್ಟಸಾಲಿನ ಆಚೆಗೆ, ನ್ಯೂಲ್ಯಾಂಡ್ಸ್ ಎಂಬ ಕಣಿವೆ ಮಲಗಿದೆ. ಇದರ ಒಡಲಲ್ಲಿ ಸರೋವರವಿಲ್ಲ, ದೊಡ್ಡ ಊರಿಲ್ಲ. ಕೆಲವು ಕುರಿಸಾಕಣೆಯ ಮನೆಗಳು, ಬಿಳಿ ಸುಣ್ಣ ಬಳಿದ ಒಂದು ಚಿಕ್ಕ ಚರ್ಚು, ಉತ್ತರಕ್ಕೆ ಹರಿದು ಬಾಸೆಂತ್‌ವೈಟ್ ಸರೋವರವನ್ನು ಸೇರುವ ಒಂದು ಹಳ್ಳ, ಇವಿಷ್ಟೇ ಇಲ್ಲಿನ ಆಸ್ತಿ. ಹೀಗಾಗಿ ಪ್ರವಾಸಿ ಬರಹಗಳಲ್ಲಿ ಇದು ಪ್ರಶಾಂತ ಕಣಿವೆಯೆಂದೂ ಮನುಷ್ಯನ ಕೈ ಸೋಕದ ನಿಸರ್ಗವೆಂದೂ ವರ್ಣಿತವಾಗುತ್ತದೆ. ಮೊದಲನೆಯ ಮಾತು ನಿಜ, ಎರಡನೆಯದು ನಿಜವಲ್ಲ. ಈ ಕಣಿವೆಯಲ್ಲಿ ಇಂದು ಜನ ಸಂತೋಷಕ್ಕಾಗಿ ನಡೆಯುವ ಹಾದಿಗಳಲ್ಲಿ ಬಹುಪಾಲು ದುಡಿಮೆಯ ಕಾಲುಗಳು ಸವೆಸಿದವು, ಅವುಗಳಲ್ಲಿ ಕೆಲವು ಇಂದಿಗೂ ತೆರೆದಿರುವುದು ಜನ ಪಟ್ಟುಹಿಡಿದು ಹೋರಾಡಿದ್ದರಿಂದ.

ಕಣಿವೆಯನ್ನು ಕುದುರೆಲಾಳದ ಆಕಾರದಲ್ಲಿ ಸುತ್ತುವರಿದ ಬೆಟ್ಟಸಾಲಿನ ಮೇಲೆ ಇಡೀ ದಿನದ ಒಂದು ನಡಿಗೆ ಪ್ರಸಿದ್ಧವಾಗಿದೆ. ಪೂರ್ವದ ಅಂಚಿನಲ್ಲಿ 451 ಮೀಟರ್ ಎತ್ತರದ ಕ್ಯಾಟ್ ಬೆಲ್ಸ್, ಅದರ ಬೆನ್ನಿಗೆ ಮೇಡನ್ ಮೂರ್ ಮತ್ತು ಹೈ ಸ್ಪೈ, ದಕ್ಷಿಣದ ತುದಿಯಲ್ಲಿ 753 ಮೀಟರ್ ಎತ್ತರದ ಡೇಲ್ ಹೆಡ್, ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಹಿಂಡ್‌ಸ್ಕಾರ್ತ್ ಮತ್ತು ರಾಬಿನ್‌ಸನ್ ಎಂಬ ಎರಡು ದೊಡ್ಡ ಬೆಟ್ಟಗಳು ಈ ಸುತ್ತಿನಲ್ಲಿ ಸಿಗುತ್ತವೆ. ಈ ಬೆಟ್ಟಗಳ ಉತ್ತರ ಭಾಗ ಸ್ಕಿಡಾ ಶಿಲಾಸಮೂಹಕ್ಕೆ ಸೇರಿದ್ದು, ಪ್ರಾಚೀನ ಸಮುದ್ರದ ಕೆಸರು ಗಟ್ಟಿಯಾಗಿ ಆದ ಪದರುಗಲ್ಲಿನಿಂದ ರೂಪುಗೊಂಡಿದೆ. ದಕ್ಷಿಣದಲ್ಲಿ, ಡೇಲ್ ಹೆಡ್ಡಿನ ಬಳಿ, ಅದರ ಮೇಲೆ ಜ್ವಾಲಾಮುಖಿಯ ಶಿಲೆ ಕೂತಿದೆ. ಪದರುಗಲ್ಲಿನ ಬಿರುಕುಗಳಲ್ಲಿ ಬಿಸಿನೀರಿನೊಂದಿಗೆ ಏರಿಬಂದ ಖನಿಜಗಳು ಗಟ್ಟಿಗೊಂಡು ತಾಮ್ರ ಮತ್ತು ಸೀಸದ ಅದಿರಿನ ಎಳೆಗಳಾದವು. ಕಣಿವೆಯ ಮುಂದಿನ ಇತಿಹಾಸದ ಬಹುಭಾಗ ಈ ಎಳೆಗಳಿಗೇ ಕಟ್ಟುಬಿದ್ದಿತು.

ಗಣಿಗಳಿಗಿಂತ ಮೊದಲೂ ಇಲ್ಲಿ ಮನುಷ್ಯನ ಕೈವಾಡವಿತ್ತು. ಕಣಿವೆಯ ಕೆಳಭಾಗದಲ್ಲಿದ್ದ ಜವುಗು ಕೆರೆಯೊಂದರ ನೀರನ್ನು ಮಧ್ಯಯುಗದಲ್ಲಿ ಬಸಿದು ಸಾಗುವಳಿಗೆ ತರಲಾಯಿತು, ಹಾಗೆ ದೊರೆತ ಹೊಸ ಭೂಮಿಯಿಂದಲೇ ಕಣಿವೆಗೆ ಈ ಹೆಸರು ಬಂದಿತು. ಹಳ್ಳದ ಪಕ್ಕದ ಸಮತಟ್ಟಾದ ಹೊಲಗಳಿಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ ಗೋಡೆಗಳು ಎದ್ದವು; ಅವುಗಳ ಮೇಲಿನ ಬೋಳು ಬೆಟ್ಟ ಮಾತ್ರ, ಕರ್ನಾಟಕದ ಹಳ್ಳಿಗಳ ಗೋಮಾಳದಂತೆ, ಊರವರೆಲ್ಲರ ದನಕುರಿ ಮೇಯುವ ಸಾಮೂಹಿಕ ಹುಲ್ಲುಗಾವಲಾಗಿ ಉಳಿಯಿತು. ಹರ್ಡ್‌ವಿಕ್ ಎಂಬ ಸ್ಥಳೀಯ ತಳಿಯ ಕುರಿಗಳು ಬೇಲಿಯಿಲ್ಲದ ಬೆಟ್ಟದ ಮೇಲೂ ತಮ್ಮ ಮಂದೆಯ ಮೇವಿನ ಪಾಲನ್ನು ಬಿಟ್ಟು ಅಲೆಯುವುದಿಲ್ಲ. ತಾಯಿಯ ಜೊತೆ ಮೇಯುತ್ತಲೇ ಮರಿಯು ತನ್ನ ಎಲ್ಲೆಯನ್ನು ಕಲಿಯುತ್ತದೆ, ಮತ್ತು ಜಮೀನು ಕೈಬದಲಾದಾಗ ಮಂದೆಯೂ ಸಾಮಾನ್ಯವಾಗಿ ಜಮೀನಿನ ಜೊತೆಗೇ ಉಳಿಯುತ್ತದೆ. ಮಂದೆಯನ್ನು ಉಣ್ಣೆ ಕತ್ತರಿಸಲು ಕೆಳಗಿಳಿಸಿ ಮತ್ತೆ ಮೇಲಕ್ಕೆ ಅಟ್ಟುತ್ತಿದ್ದ ಓಣಿಗಳು ಈ ಬೆಟ್ಟದ ಅತ್ಯಂತ ಹಳೆಯ ಹಾದಿಗಳಲ್ಲಿ ಸೇರಿವೆ.

ಆದರೆ ಈ ಮೂಲೆಯನ್ನು ಯುರೋಪಿನ ಆರ್ಥಿಕ ಚರಿತ್ರೆಯೊಳಕ್ಕೆ ಎಳೆದು ತಂದದ್ದು ಹದಿನಾರನೆಯ ಶತಮಾನದ ತಾಮ್ರ. ಆ ಕಾಲದ ಇಂಗ್ಲೆಂಡಿನಲ್ಲಿ ಫಿರಂಗಿ ಎರಕಹೊಯ್ಯಲು ಕಂಚು ಬೇಕಿತ್ತು, ಕಂಚಿಗೆ ತಾಮ್ರ ಬೇಕಿತ್ತು, ಆಳದ ಗಣಿ ತೋಡಿ ಅದಿರನ್ನು ಕರಗಿಸಿ ಲೋಹ ತೆಗೆಯುವ ವಿದ್ಯೆಯಲ್ಲಿ ಮಾತ್ರ ಜರ್ಮನ್ ಸೀಮೆಯವರು ಬಹಳ ಮುಂದಿದ್ದರು. ಆ ವಿದ್ಯೆಯನ್ನು ಸಚಿತ್ರವಾಗಿ ವಿವರಿಸಿದ ಅಗ್ರಿಕೋಲನ ಲ್ಯಾಟಿನ್ ಗ್ರಂಥ 1556ರಲ್ಲಷ್ಟೇ ಅಚ್ಚಾಗಿತ್ತು. ಒಂದನೆಯ ಎಲಿಜಬೆತ್ ರಾಣಿ 1564ರಲ್ಲಿ ಥಾಮಸ್ ಥರ್ಲೆಂಡ್ ಎಂಬ ಇಂಗ್ಲಿಷ್ ಪಾದ್ರಿಗೂ ಆಗ್ಸ್‌ಬರ್ಗ್ ನಗರದ ಹೌಗ್ ವರ್ತಕ ಮನೆತನದ ಪ್ರತಿನಿಧಿ ಡೇನಿಯಲ್ ಹೆಖ್‌ಸ್ಟೆಟರ್‌ಗೂ ಗಣಿ ಶೋಧಿಸುವ ಪರವಾನಗಿ ಕೊಟ್ಟಳು. ಅವರ ಉದ್ಯಮವು 1568ರಲ್ಲಿ ರಾಜಸನದಿನ ಮೂಲಕ 'ಮೈನ್ಸ್ ರಾಯಲ್' ಎಂಬ, ಪಾಲುದಾರರು ಬಂಡವಾಳ ಹೂಡಿದ ಕಂಪನಿಯಾಯಿತು. ಇಂಗ್ಲೆಂಡಿನ ಆರಂಭಕಾಲದ ಷೇರು ಕಂಪನಿಗಳಲ್ಲಿ ಒಂದೆಂದು ಇತಿಹಾಸಕಾರರು ಗುರುತಿಸುವ ಈ ಸಂಸ್ಥೆಯ ಭಾಗ್ಯವು ನ್ಯೂಲ್ಯಾಂಡ್ಸ್ ಕಣಿವೆಯ ಒಂದು ಬೆಟ್ಟದ ಏಣನ್ನು ಬಹುಮಟ್ಟಿಗೆ ಆಧರಿಸಿತ್ತು. ಹಿಂಡ್‌ಸ್ಕಾರ್ತ್ ಬೆಟ್ಟ ಉತ್ತರಕ್ಕೆ ಚಾಚಿದ ಕಿರಿದಾದ ಆ ಏಣಿನ ತುದಿಯಲ್ಲಿ ದೊರೆತ ಗಣಿ ಎಷ್ಟು ಸಮೃದ್ಧವಾಗಿತ್ತೆಂದರೆ ಜರ್ಮನರು ಅದನ್ನು ದೇವರ ಕೊಡುಗೆ ಎಂದೇ ಕರೆದರು. ಅವರ ಆ ಮಾತು ಸ್ಥಳೀಯರ ಬಾಯಲ್ಲಿ ತಿರುಚಿಕೊಂಡು ಗೋಲ್ಡ್‌ಸ್ಕೋಪ್ ಎಂದಾಗಿದೆ.

ಸಿಡಿಮದ್ದನ್ನು ಗಣಿಯಲ್ಲಿ ಬಳಸುವ ಪದ್ಧತಿ ಇಂಗ್ಲೆಂಡಿಗೆ ಇನ್ನೂ ಬಂದಿರಲಿಲ್ಲ. ಕಬ್ಬಿಣದ ಉಳಿ, ಸುತ್ತಿಗೆ, ಬೆಣೆಗಳಿಂದಲೇ ಬಂಡೆಯನ್ನು ಒಡೆಯಬೇಕಾಗಿದ್ದರಿಂದ ಒಬ್ಬ ಮನುಷ್ಯ ತೂರುವಷ್ಟಕ್ಕಿಂತ ಒಂದು ಗೇಣೂ ಹೆಚ್ಚು ಕೊರೆಯುತ್ತಿರಲಿಲ್ಲ. ಭುಜದ ಮಟ್ಟದಲ್ಲಿ ಅಗಲವಾಗಿ ತಲೆ ಮತ್ತು ಪಾದದ ಕಡೆ ಕಿರಿದಾಗುವ ಇಂಥ ಸುರಂಗಗಳನ್ನು ಅವುಗಳ ಆಕಾರದಿಂದಾಗಿ ಶವಪೆಟ್ಟಿಗೆ ಸುರಂಗಗಳೆಂದು ಕರೆಯುವುದು ವಾಡಿಕೆ. ಉಳಿಯ ಗೆರೆಗಳು ಇಂದಿಗೂ ಸ್ಪಷ್ಟವಾಗಿ ಕಾಣುವ ಆ ಗೋಡೆಗಳು ಯಾವ ಕೋಟೆ ಅರಮನೆಗೂ ಕಡಿಮೆಯಿಲ್ಲದ ಸ್ಮಾರಕಗಳೆಂದು ಪರಿಗಣಿಸಲು ಅಡ್ಡಿಯಿಲ್ಲ, ಏಕೆಂದರೆ ಅಲ್ಲಿ ಕಾಣುವುದು ಹೆಸರುಳಿಯದ ಕೆಲಸಗಾರರ ದಿನದ ದುಡಿಮೆಯೇ ಹೊರತು ಒಡೆಯನ ವೈಭವವಲ್ಲ. ಹೊರತೆಗೆದ ಅದಿರನ್ನು ಕೈಯಿಂದ ಒಡೆದು ಆರಿಸಿ, ಬೆನ್ನ ಮೇಲೆ ಚೀಲ ಹೇರಿದ ಕುದುರೆಗಳ ಮೂಲಕ ಸಾಗಿಸುತ್ತಿದ್ದರು. ಹೇರುಕುದುರೆಗಳ ಒಂದು ಹಾದಿ ಕ್ಯಾಟ್ ಬೆಲ್ಸ್ ಮತ್ತು ಮೇಡನ್ ಮೂರ್ ನಡುವಿನ ತಗ್ಗನ್ನು ದಾಟಿ ಡರ್ವೆಂಟ್‌ವಾಟರಿನ ದಂಡೆಗೆ ಇಳಿಯುತ್ತಿತ್ತೆಂದೂ ಅಲ್ಲಿ ರಾಶಿಹಾಕಿದ ಅದಿರು ದೋಣಿಯೇರಿ ಕೆಸ್ವಿಕ್ಕಿನತ್ತ ಹೋಗುತ್ತಿತ್ತೆಂದೂ ಸ್ಥಳೀಯ ಇತಿಹಾಸ ಹೇಳುತ್ತದೆ. ದಂಡೆಯ ಒಂದು ಕೊಲ್ಲಿಗೆ ತಾಮ್ರರಾಶಿಯ ಹೆಸರು ಇಂದಿಗೂ ನಿಂತಿದೆ. ರಜೆಯಲ್ಲಿ ಬಂದ ಕುಟುಂಬಗಳು ಮಕ್ಕಳ ಕೈಹಿಡಿದು ಕ್ಯಾಟ್ ಬೆಲ್ಸ್‌ನಿಂದ ಇಳಿದುಬರುವುದು ಇದೇ ತಗ್ಗಿನ ಮೂಲಕ.

ಕೆಸ್ವಿಕ್ಕಿನ ಬಳಿ ಬ್ರಿಗಮ್ ಎಂಬಲ್ಲಿ 1567ರ ಹೊತ್ತಿಗೆ ನೀರಿನ ಚಕ್ರದಿಂದ ತಿದಿಯೊತ್ತುವ ಕುಲುಮೆಗಳ ದೊಡ್ಡ ಕಾರ್ಖಾನೆ ಎದ್ದಿತು. ಗಂಧಕ ಬೆರೆತ ತಾಮ್ರದ ಅದಿರನ್ನು ಒಂದೇ ಬೆಂಕಿಯಲ್ಲಿ ಶುದ್ಧಗೊಳಿಸಲು ಬರುವುದಿಲ್ಲವಾದ್ದರಿಂದ ಅದನ್ನು ಮತ್ತೆ ಮತ್ತೆ ಹುರಿದು, ಕರಗಿಸಿ, ಕಿಟ್ಟ ತೆಗೆಯಬೇಕಾಗುತ್ತಿತ್ತು, ಇದಕ್ಕೆ ಅಪಾರ ಉರುವಲು ಬೇಕಿತ್ತು. ಸುತ್ತಲಿನ ಓಕ್ ಕಾಡುಗಳ ಮರ ಇದ್ದಿಲಾಯಿತು. ಬೆಟ್ಟದ ಜವುಗಿನಲ್ಲಿ ಅರೆಕೊಳೆತು ಶೇಖರವಾದ ಸಸ್ಯರಾಶಿಯನ್ನು ಇಟ್ಟಿಗೆಗಳಂತೆ ಕತ್ತರಿಸಿ ಒಣಗಿಸಿದ ಪೀಟ್ ಎಂಬ ಉರುವಲೂ ಕುಲುಮೆ ಸೇರಿತು. ನ್ಯೂಲ್ಯಾಂಡ್ಸ್ ಬೆಟ್ಟಗಳ ನಯವಾದ ಬೋಳು ಇಳಿಜಾರುಗಳನ್ನು ನೋಡುಗರು ಮೆಚ್ಚುತ್ತಾರೆ. ಕೊಡಲಿಯೂ ಕುರಿಯ ಹಲ್ಲೂ ಶತಮಾನಗಳ ಕಾಲ ಮಾಡಿದ ಕೆಲಸದ ಫಲ ಅದು.

ಈ ಜರ್ಮನ್ ಕೆಲಸಗಾರರ ಜೀವನ ಇಷ್ಟು ವಿವರವಾಗಿ ತಿಳಿದಿರುವುದಕ್ಕೆ ಕಾರಣ, ಆಗ್ಸ್‌ಬರ್ಗ್ ಪತ್ರಾಗಾರದಲ್ಲಿ ಉಳಿದುಬಂದ 1564ರಿಂದ 1577ರವರೆಗಿನ ಅವರ ಲೆಕ್ಕದ ಪುಸ್ತಕಗಳು. ಜಾನ್ ರಸ್ಕಿನ್‌ನ ಆಪ್ತ ಸಹಾಯಕನಾಗಿದ್ದ ವಿದ್ವಾಂಸ ಡಬ್ಲ್ಯು. ಜಿ. ಕಾಲಿಂಗ್‌ವುಡ್ ಅವುಗಳ ಆಯ್ದ ಭಾಗಗಳನ್ನು ಅನುವಾದಿಸಿ 1912ರಲ್ಲಿ ಪ್ರಕಟಿಸಿದನು. ಒಂದು ಪ್ರಾಂತ್ಯದ ಇತಿಹಾಸವನ್ನು ಅರಸರ ಶಾಸನಗಳಿಂದಲ್ಲದೆ ಗಣಿಯ ಜಮಾಖರ್ಚಿನಿಂದ ಕಟ್ಟಬಹುದೆಂದು ತೋರಿಸಿದ ಆ ಪುಸ್ತಕಕ್ಕೆ ಸಲ್ಲಬೇಕಾದ ಗೌರವ ಸಲ್ಲಿದೆಯೆಂದು ಹೇಳಲಾಗದು. ಹೊರಗಿನಿಂದ ಬಂದವರನ್ನು ಕೆಸ್ವಿಕ್ ಮೊದಲು ಒಪ್ಪಿಕೊಳ್ಳಲಿಲ್ಲ. 1566ರಲ್ಲಿ ಲಿಯೊನಾರ್ಡ್ ಸ್ಟೌಲ್ಟ್ಸ್ ಎಂಬ ಗಣಿಗಾರನನ್ನು ಸ್ಥಳೀಯರು ಕೊಂದರು, ಪರದೇಶಿಗಳನ್ನು ರಕ್ಷಿಸುವಂತೆ ರಾಣಿಯೇ ಅಧಿಕಾರಿಗಳಿಗೆ ಆಜ್ಞೆ ಮಾಡಬೇಕಾಯಿತು. ಡರ್ವೆಂಟ್‌ವಾಟರಿನ ಒಂದು ದ್ವೀಪವನ್ನು ಕಂಪನಿ ಕೊಂಡು ಅವರಿಗೆ ನೆಲೆ ಮಾಡಿಕೊಟ್ಟಿತು. ಆದರೂ ಕೆಲವೇ ವರ್ಷಗಳಲ್ಲಿ ಕ್ರಾಸ್ತ್‌ವೈಟ್ ಚರ್ಚಿನ ದಾಖಲೆ ಪುಸ್ತಕದಲ್ಲಿ, ಎಂದರೆ ಆ ಚರ್ಚಿನ ಆಡಳಿತ ವಲಯದ ಜನನ, ವಿವಾಹ, ಮರಣಗಳನ್ನು ಬರೆದಿಡುವ ಕಡತದಲ್ಲಿ, ಜರ್ಮನ್ ಗಂಡಸರಿಗೂ ಕಂಬ್ರಿಯಾದ ಹೆಣ್ಣುಮಕ್ಕಳಿಗೂ ಆದ ಮದುವೆಗಳು, ಅವರ ಮಕ್ಕಳ ನಾಮಕರಣಗಳು ಕಾಣತೊಡಗುತ್ತವೆ. ಹೆಖ್‌ಸ್ಟೆಟರ್ 1581ರಲ್ಲಿ ತೀರಿಕೊಂಡ ಮೇಲೆ ಅವನ ಮಕ್ಕಳು ಅಲ್ಲಿಯೇ ಉಳಿದು ಕೆಲಸ ಮುಂದುವರಿಸಿದರು.

ಕಣಿವೆಯ ಅದಿರು ಇಂಗ್ಲೆಂಡಿನ ಕಾನೂನನ್ನೂ ಬದಲಿಸಿತು. ಈ ಭೂಮಿಯ ಒಡೆತನ ನಾರ್ತಂಬರ್ಲೆಂಡಿನ ಏಳನೆಯ ಅರ್ಲ್ ಪದವಿಯ ಥಾಮಸ್ ಪರ್ಸಿಯದಾಗಿತ್ತು. ತನ್ನ ನೆಲದಿಂದ ತೆಗೆದ ತಾಮ್ರ ತನಗೇ ಸೇರಬೇಕೆಂದು ಅವನು ಅದಿರು ಸಾಗಿಸುವುದನ್ನು ತಡೆದಾಗ ರಾಣಿಯ ಕಡೆಯವರು ದಾವೆ ಹೂಡಿದರು. 1568ರಲ್ಲಿ ತೀರ್ಮಾನವಾದ ಈ ಪ್ರಕರಣದಲ್ಲಿ, ಚಿನ್ನ ಬೆಳ್ಳಿಯ ಗಣಿ ಯಾರ ಭೂಮಿಯಲ್ಲಿದ್ದರೂ ಅದು ರಾಜಮುಕುಟಕ್ಕೆ ಸೇರಿದ್ದೆಂಬುದನ್ನು ನ್ಯಾಯಾಧೀಶರೆಲ್ಲರೂ ಒಪ್ಪಿದರು. ತಾಮ್ರದಂಥ ಸಾಮಾನ್ಯ ಲೋಹದ ಅದಿರಿನಲ್ಲಿ ಚಿನ್ನವೋ ಬೆಳ್ಳಿಯೋ ಸ್ವಲ್ಪವಿದ್ದರೂ ಇಡೀ ಗಣಿ ರಾಜಮುಕುಟದ್ದೆಂದು ಬಹುಮತ ಹೇಳಿತು. ನ್ಯೂಲ್ಯಾಂಡ್ಸ್ ತಾಮ್ರದಲ್ಲಿ ಬೆಳ್ಳಿಯ ಅಂಶವಿತ್ತು. ಭೂಮಾಲೀಕರು ತಮ್ಮ ನೆಲದ ಲೋಹವನ್ನು ಶೋಧಿಸಲು ಹಿಂಜರಿಯುವಂತೆ ಮಾಡಿದ ಈ ನಿಯಮವು 1688 ಮತ್ತು 1693ರ ಶಾಸನಗಳಿಂದ ಸಡಿಲವಾಗುವವರೆಗೆ ಊರ್ಜಿತದಲ್ಲಿತ್ತು. ದಾವೆಯಲ್ಲಿ ಸೋತ ಅರ್ಲ್ 1569ರ ಉತ್ತರದ ಕ್ಯಾಥೊಲಿಕ್ ದಂಗೆಯ ಮುಂದಾಳುಗಳಲ್ಲಿ ಒಬ್ಬನಾಗಿ, 1572ರಲ್ಲಿ ಯಾರ್ಕ್ ನಗರದಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ಅವನ ದಂಗೆಗೆ ಮತಧರ್ಮವೇ ಮುಖ್ಯ ಕಾರಣವಾದರೂ ಈ ಕಣಿವೆಯ ತಾಮ್ರ ಕೈತಪ್ಪಿದ ಕಹಿಯೂ ಅದರಲ್ಲಿ ಬೆರೆತಿತ್ತೆಂಬ ಇತಿಹಾಸಕಾರರ ಊಹೆ ಅಸಂಗತವೇನಲ್ಲ.

ಮುಂದಿನ ಎರಡು ಶತಮಾನಗಳ ಗಣಿಗಾರಿಕೆ ಏರುಪೇರಿನದು. ಪೂರ್ವದ ಬೆಟ್ಟಸಾಲಿನ ಆಚೆ, ಬಾರೋಡೇಲ್ ಕಣಿವೆಯ ಸೀತ್‌ವೈಟ್ ಎಂಬಲ್ಲಿ ಅತಿ ಶುದ್ಧ ಗ್ರಾಫೈಟ್ ಸಿಗುತ್ತಿತ್ತು. ಫಿರಂಗಿ ಗುಂಡಿನ ಅಚ್ಚುಗಳಿಗೆ ಬಳಿಯಲು ಬೇಕಾದ ಈ ಕರಿ ವಸ್ತುವಿನ ಬೆಲೆ ಎಷ್ಟು ಏರಿತ್ತೆಂದರೆ ಅದರ ಕಳ್ಳತನವನ್ನು ಘೋರ ಅಪರಾಧವೆಂದು ಸಾರಲು 1752ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಶಾಸನ ಮಾಡಿತು. ಕೆಸ್ವಿಕ್ಕಿನ ಪೆನ್ಸಿಲ್ ಉದ್ಯಮ ಹುಟ್ಟಿದ್ದು ಅದರಿಂದಲೇ. ನ್ಯೂಲ್ಯಾಂಡ್ಸ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗೋಲ್ಡ್‌ಸ್ಕೋಪ್ ಮತ್ತೆ ತೆರೆದುಕೊಂಡು ಈ ಬಾರಿ ಸೀಸಕ್ಕಾಗಿ ದುಡಿಯಿತು. ಯೂತ್‌ವೈಟ್ ಮತ್ತು ಬ್ಯಾರೋ ಗಣಿಗಳೂ ಆ ಶತಮಾನದ ಕೊನೆಯವರೆಗೆ ಉಸಿರಾಡಿದವು. ಲಿಟ್ಲ್‌ಟೌನ್ ಎಂಬ ನಾಲ್ಕಾರು ಮನೆಗಳ ಹಳ್ಳಿಯ ಮೇಲಿನ ಇಳಿಜಾರಿನಲ್ಲಿ ಹುಲ್ಲು ಹುಟ್ಟದ ಬೂದು ದಿಬ್ಬಗಳು ಕಾಣುತ್ತವೆ; ಅವು ಅದಿರು ತೆಗೆದು ಎಸೆದ ಕಲ್ಲಿನ ರಾಶಿಗಳು, ಅದರಲ್ಲಿನ ಸೀಸದ ವಿಷದಿಂದಾಗಿ ಶತಮಾನ ಕಳೆದರೂ ಅಲ್ಲಿ ಹಸಿರು ಹಿಡಿಯದು.

ಗಣಿಗಳು ದುಡಿಯುತ್ತಿದ್ದ ಕಾಲದಲ್ಲಿಯೇ ಇನ್ನೊಂದು ಬಗೆಯ ಜನ ಈ ಬೆಟ್ಟಗಳತ್ತ ಬರತೊಡಗಿದರು. ಕವಿ ಥಾಮಸ್ ಗ್ರೇ 1769ರಲ್ಲಿ ಬಂದು ಹೋದನು. ಥಾಮಸ್ ವೆಸ್ಟ್ ಎಂಬ ಪಾದ್ರಿ 1778ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು, ಯಾವ ಜಾಗದಲ್ಲಿ ನಿಂತರೆ ಸರೋವರವೂ ಬೆಟ್ಟವೂ ಚಿತ್ರಪಟದಂತೆ ಹೊಂದಿಕೊಂಡು ಕಾಣುತ್ತವೆಂಬುದನ್ನು ಗುರುತುಮಾಡಿ ಹೇಳಿತು. ಆ ಕಾಲದ ಪ್ರವಾಸಿಗಳು ದೃಶ್ಯಕ್ಕೆ ಬೆನ್ನುಮಾಡಿ ನಿಂತು, ಕಪ್ಪು ಲೇಪದ ಚಿಕ್ಕ ಉಬ್ಬುಗನ್ನಡಿಯಲ್ಲಿ ಅದರ ಪ್ರತಿಬಿಂಬವನ್ನು ನೋಡುತ್ತಿದ್ದರು. ಇಂಥ ನೋಟದಲ್ಲಿ ಬೆಟ್ಟವೇರುವ ಅಗತ್ಯವೇ ಇರಲಿಲ್ಲ. ನಡೆಯುವುದನ್ನೇ ನೋಡುವ ಕ್ರಮವನ್ನಾಗಿ ಮಾಡಿದ ಹಿರಿಮೆಯಲ್ಲಿ ದೊಡ್ಡ ಪಾಲು ವರ್ಡ್ಸ್‌ವರ್ತ್‌ನದು. 1810ರಲ್ಲಿ ಬೇರೊಬ್ಬರ ಚಿತ್ರಸಂಪುಟಕ್ಕೆ ಹೆಸರಿಲ್ಲದ ಮುನ್ನುಡಿಯಾಗಿ ಹೊರಬಂದು 1835ರ ವೇಳೆಗೆ ಐದನೆಯ ಆವೃತ್ತಿ ಕಂಡ ಅವನ ಮಾರ್ಗದರ್ಶಿಯು, ಈ ಸೀಮೆಯ ಸೊಬಗು ಕಲ್ಲುನೀರಿನಿಂದ ಮಾತ್ರವಲ್ಲ, ಸಣ್ಣ ಹಿಡುವಳಿಯ ಕುರಿಗಾಹಿ ಕುಟುಂಬಗಳ ಬಾಳುವೆಯಿಂದಲೂ ಆದದ್ದೆಂದು ವಿವರಿಸಿತು. ಗಣಿ ಮತ್ತು ಕುಲುಮೆಗಳಿಗೆ ಅವನ ಚಿತ್ರದಲ್ಲಿ ಸಿಕ್ಕ ಜಾಗ ಮಾತ್ರ ಕಡಿಮೆ, ಆ ಕೊರತೆ ಅವನ ನಂತರದ ಬರಹಗಾರರಲ್ಲಿ ಇನ್ನೂ ಬೆಳೆಯಿತು.

ಪೆನ್ರಿತ್‌ನಿಂದ ಕೆಸ್ವಿಕ್ ಮೂಲಕ ಹಾಯುವ ರೈಲು 1865ರಲ್ಲಿ ಪ್ರಯಾಣಿಕರಿಗೆ ತೆರೆದ ಮೇಲೆ ಬೆಟ್ಟಗಳು ಕಾರ್ಖಾನೆ ಪಟ್ಟಣಗಳ ಜನಕ್ಕೂ ಎಟುಕಿದವು. ಆದರೆ ಅದೇ ಮಾರ್ಗದ ಬ್ರೇತ್‌ವೈಟ್ ನಿಲ್ದಾಣದಿಂದ ಹೊರಟು, ನ್ಯೂಲ್ಯಾಂಡ್ಸ್ ಕಣಿವೆಯ ಬಾಯನ್ನು ದಾಟಿ, ಕ್ಯಾಟ್ ಬೆಲ್ಸ್ ಇಳಿಜಾರನ್ನು ಬಳಸಿ, ಹಾನಿಸ್ಟರ್ ಘಾಟಿಯ ಸ್ಲೇಟುಕಲ್ಲಿನ ಕ್ವಾರಿಗಳನ್ನು ಮುಟ್ಟುವ ಇನ್ನೊಂದು ರೈಲುಮಾರ್ಗದ ಮಸೂದೆ 1883ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದಾಗ ದೇಶದಾದ್ಯಂತ ಪ್ರತಿಭಟನೆ ಎದ್ದಿತು. ಅದರ ಮುಂಚೂಣಿಯಲ್ಲಿದ್ದವನು ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿ. ಜರ್ಮನ್ ಗಣಿಗಾರರ ಮದುವೆಗಳು ದಾಖಲಾದ ಕ್ರಾಸ್ತ್‌ವೈಟ್ ಚರ್ಚಿಗೆ ಅವನು ಆ ವರ್ಷವೇ ಗುರುವಾಗಿ ಬಂದನು. ಮಸೂದೆ ಹಿಂದೆಗೆಯಲ್ಪಟ್ಟಿತು. ಅದೇ ವರ್ಷ ಲೇಕ್ ಡಿಸ್ಟ್ರಿಕ್ಟ್ ರಕ್ಷಣಾ ಸಂಘ ಹುಟ್ಟಿಕೊಂಡಿತು.

ರೈಲನ್ನು ತಡೆದದ್ದು ಬಹುಪಾಲು ಓದುಬರಹ ಬಲ್ಲವರ ಗೆಲುವು. ಕಾಲುದಾರಿಯ ಹೋರಾಟದಲ್ಲಿ ಊರ ಜನರೇ ಬೀದಿಗಿಳಿದರು. ಕ್ಯಾಟ್ ಬೆಲ್ಸ್ ಬುಡದಲ್ಲಿ ಡರ್ವೆಂಟ್‌ವಾಟರಿನ ಅಂಚಿಗಿರುವ ಫಾ ಪಾರ್ಕ್ ಎಂಬ ಜಮೀನಿನ ಮೂಲಕವೂ, ಕೆಸ್ವಿಕ್ಕಿನ ಉತ್ತರದ ಲ್ಯಾಟ್ರಿಗ್ ಗುಡ್ಡದ ಮೇಲೂ ಹಿಂದಿನಿಂದ ನಡೆದುಬಂದ ಹಾದಿಗಳನ್ನು ಮಾಲೀಕರು ಮುಚ್ಚಿಸಿದಾಗ, ಮಾರ್ಗದರ್ಶಿ ಪುಸ್ತಕಗಳ ಲೇಖಕ ಹೆನ್ರಿ ಜೆಂಕಿನ್‌ಸನ್ ಮುಂತಾದವರಿದ್ದ ಕೆಸ್ವಿಕ್ ಕಾಲುದಾರಿ ರಕ್ಷಣಾ ಸಂಘವು 1887ರಲ್ಲಿ ಬಹಿರಂಗವಾಗಿ ಮುಳ್ಳುಬೇಲಿ, ಗೇಟುಗಳ ಅಡೆತಡೆಗಳನ್ನು ಕಿತ್ತುಹಾಕಿತು. ಅಕ್ಟೋಬರ್‌ನಲ್ಲಿ ಸುಮಾರು 2000 ಮಂದಿ ಲ್ಯಾಟ್ರಿಗ್ ಶಿಖರಕ್ಕೆ ಒಟ್ಟಾಗಿ ನಡೆದರು. ಮರುವರ್ಷ ಕಾರ್ಲೈಲ್ ನ್ಯಾಯಾಲಯದಲ್ಲಿ ರಾಜಿಯಾಗಿ, ಶಿಖರಕ್ಕೆ ಹೋಗುವ ಒಂದು ಹಾದಿ ಸಾರ್ವಜನಿಕರಿಗೆ ಉಳಿಯಿತು. 1932ರಲ್ಲಿ ಡರ್ಬಿಶೈರಿನ ಕಿಂಡರ್ ಸ್ಕೌಟ್ ಬೆಟ್ಟದ ಮೇಲೆ ನಡೆದ ಕಾರ್ಮಿಕ ಯುವಜನರ ಸಾಮೂಹಿಕ ಅತಿಕ್ರಮ ಪ್ರವೇಶವು ಇತಿಹಾಸ ಪುಸ್ತಕಗಳಲ್ಲಿ ಹೆಚ್ಚು ಪ್ರಸಿದ್ಧವಾಗಿದೆ; ಕೆಸ್ವಿಕ್ಕಿನ ಜನ ಅದಕ್ಕೂ 45 ವರ್ಷ ಮೊದಲೇ ಆ ದಾರಿ ತುಳಿದಿದ್ದರೆಂಬುದನ್ನು ಒತ್ತಿ ಹೇಳುವುದು ನ್ಯಾಯವಾಗಿದೆ.

ರಾನ್ಸ್‌ಲಿ, ಆಕ್ಟೇವಿಯಾ ಹಿಲ್ ಮತ್ತು ರಾಬರ್ಟ್ ಹಂಟರ್ ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟನ್ನು ಸ್ಥಾಪಿಸಿದರು. ಸುಂದರವಾದ ಅಥವಾ ಚಾರಿತ್ರಿಕ ಮಹತ್ವದ ನೆಲವನ್ನು ಜನರಿಗಾಗಿ ಕೊಂಡು ಕಾಪಾಡುವ ಈ ಸಂಸ್ಥೆ ಲೇಕ್ ಡಿಸ್ಟ್ರಿಕ್ಟಿನಲ್ಲಿ ಕೊಂಡ ಮೊದಲ ಜಾಗ, 1902ರಲ್ಲಿ ಸಾರ್ವಜನಿಕರ ವಂತಿಗೆಯಿಂದ ಪಡೆದ ಬ್ರಾಂಡೆಲ್‌ಹೌ. ಅದು ಇರುವುದೂ ಕ್ಯಾಟ್ ಬೆಲ್ಸ್ ಬುಡದಲ್ಲಿಯೇ. ರಾನ್ಸ್‌ಲಿಯ ಸ್ನೇಹಿತೆಯಾಗಿದ್ದ ಬೀಟ್ರಿಕ್ಸ್ ಪಾಟರ್ 1905ರಲ್ಲಿ ಪ್ರಕಟಿಸಿದ ಮಕ್ಕಳ ಕಥೆಯೊಂದರಲ್ಲಿ, ಲಿಟ್ಲ್‌ಟೌನಿನ ಹುಡುಗಿಯೊಬ್ಬಳು ಬೆಟ್ಟದ ಮೈಯಲ್ಲಿರುವ ಬಾಗಿಲೊಂದನ್ನು ತೆರೆದು ಒಳಗೆ ಬಟ್ಟೆ ಇಸ್ತ್ರಿ ಮಾಡುವ ಮುಳ್ಳುಹಂದಿಯನ್ನು ಕಾಣುತ್ತಾಳೆ. ಎಲ್ಲೆಡೆ ಸುರಂಗದ ಬಾಯಿಗಳಿರುವ ಕಣಿವೆಯಲ್ಲಿ ಇಂಥ ಬಾಗಿಲು ಕಲ್ಪನೆಗೆ ದೂರದ್ದಲ್ಲ. ಪಾಟರ್ 1943ರಲ್ಲಿ ತೀರಿಕೊಂಡಾಗ ತನ್ನ 4000ಕ್ಕೂ ಹೆಚ್ಚು ಎಕರೆ ಜಮೀನನ್ನು ಟ್ರಸ್ಟಿಗೆ ಬಿಟ್ಟುಹೋದಳು, ಅಲ್ಲಿ ಹರ್ಡ್‌ವಿಕ್ ಕುರಿಗಳ ಸಾಕಣೆ ಮುಂದುವರಿಯಬೇಕೆಂಬುದು ಅವಳ ಇಚ್ಛೆಯಾಗಿತ್ತು.

1951ರಲ್ಲಿ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನವಾಯಿತು. 1964ರಲ್ಲಿ ಕೆಂಡಾಲ್ ಪುರಸಭೆಯ ಖಜಾಂಚಿ ಆಲ್ಫ್ರೆಡ್ ವೇನ್‌ರೈಟ್ ತನ್ನ ಕೈಬರಹದಲ್ಲಿಯೇ ಅಚ್ಚುಮಾಡಿಸಿದ ಬೆಟ್ಟಮಾಲೆಯ ಆರನೆಯ ಸಂಪುಟ ಈ ಕಣಿವೆಯ ಹಾದಿಗಳನ್ನು ಗೆರೆಗೆರೆಯಾಗಿ ಬಿಡಿಸಿಟ್ಟಿತು. 2000ದ ಶಾಸನವು ಎತ್ತರದ ಬೆಟ್ಟ ಮತ್ತು ಸಾಮೂಹಿಕ ಹುಲ್ಲುಗಾವಲುಗಳಲ್ಲಿ ಕಾಲ್ನಡಿಗೆಯ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿತು. ಯುನೆಸ್ಕೊ ಮಾತ್ರ ಬಹುಕಾಲ ಗೊಂದಲದಲ್ಲಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಈ ಸೀಮೆಯ ಹೆಸರು ಬಂದಾಗ, ಇದು ನಿಸರ್ಗವೋ ಮನುಷ್ಯನಿರ್ಮಿತಿಯೋ ಎಂಬುದನ್ನು ತೀರ್ಮಾನಿಸಲು ಅಂದಿನ ವರ್ಗೀಕರಣಕ್ಕೆ ಆಗಲಿಲ್ಲ. ಎರಡೂ ಬೆರೆತ ನೆಲಕ್ಕೆಂದು 'ಸಾಂಸ್ಕೃತಿಕ ಭೂದೃಶ್ಯ' ಎಂಬ ಹೊಸ ವರ್ಗ 1992ರಲ್ಲಿ ರೂಪುಗೊಂಡಿತು, ಅದರ ಹಿಂದಿನ ಚರ್ಚೆಗೆ ಈ ಅರ್ಜಿಯೂ ಒಂದು ಪ್ರೇರಣೆಯಾಗಿತ್ತು. ಸೀಮೆ ಆ ವರ್ಗದಲ್ಲಿಯೇ 2017ರಲ್ಲಿ ಪಟ್ಟಿಗೆ ಸೇರಿತು.

ಗಣಿಯ ಯುಗ ಮುಗಿದದ್ದು ತೀರ ಈಚೆಗೆ: ನೆರೆಯ ಕೋಲ್‌ಡೇಲ್ ಕಣಿವೆಯ ಫೋರ್ಸ್ ಕ್ರಾಗ್ ಗಣಿ 1991ರಲ್ಲಿ ನಿಂತಿತು. ಅದರಿಂದ ಸೋರುವ ಲೋಹಮಿಶ್ರಿತ ನೀರು ನ್ಯೂಲ್ಯಾಂಡ್ಸ್ ಹಳ್ಳದ ಮೂಲಕ ಬಾಸೆಂತ್‌ವೈಟ್ ಸರೋವರಕ್ಕೆ ಹೋಗುವುದನ್ನು ತಗ್ಗಿಸಲು ಗೊಬ್ಬರದಂಥ ಸಾವಯವ ವಸ್ತು ತುಂಬಿದ ಕೊಳಗಳಲ್ಲಿ ಅದನ್ನು ಶುದ್ಧಮಾಡುವ ವ್ಯವಸ್ಥೆ 2014ರಿಂದ ನಡೆದಿದೆ. ಬೆಟ್ಟದ ಮೇಲಿನ ತೊಂದರೆ ಬೇರೆ. ಕ್ಯಾಟ್ ಬೆಲ್ಸ್ ಹಾದಿ ಜನಸಂದಣಿಯಿಂದಲೇ ಸವೆಯುತ್ತಿದೆ. ಬೂಟುಗಳು ಹುಲ್ಲಿನ ಬೇರನ್ನು ಕಿತ್ತ ಜಾಗದಲ್ಲಿ ಮಳೆನೀರು ಮಣ್ಣನ್ನು ಕೊಚ್ಚಿ ಕೊರಕಲು ಮಾಡುತ್ತದೆ. ನ್ಯಾಷನಲ್ ಟ್ರಸ್ಟ್ ಮತ್ತು ರಾಷ್ಟ್ರೀಯ ಉದ್ಯಾನದ ಕೆಲಸಗಾರರು ಸ್ವಯಂಸೇವಕರೊಂದಿಗೆ ಅಂಥಲ್ಲಿ ದೊಡ್ಡ ಕಲ್ಲುಗಳನ್ನು ಅವುಗಳ ಉದ್ದದ ಬಹುಭಾಗ ನೆಲದೊಳಗೆ ಹೂತು, ಒಂದಕ್ಕೊಂದು ಒತ್ತಾಗಿ ಕೂರಿಸಿ ಮೆಟ್ಟಿಲುಹಾಸು ಮಾಡುತ್ತಾರೆ. ಕಲ್ಲನ್ನು ಈಗ ಹೆಲಿಕಾಪ್ಟರ್ ಮೇಲಕ್ಕೆ ಹೊತ್ತು ತರುತ್ತದೆ. ಅದನ್ನು ಆರಿಸಿ ತಿರುಗಿಸಿ ಬಿಗಿಯಾಗಿ ನೆಡುವ ಕೈಕೆಲಸ ಮಾತ್ರ ಹೇರುಕುದುರೆಗಳ ಕಾಲದ ಹಾದಿ ಕಟ್ಟಿದವರದ್ದೇ ಕ್ರಮವಾಗಿ ಉಳಿದಿದೆ.